ಇಸ್ತ್ರಿ ಪೆಟ್ಟಿಗೆಯೂ ಎಲಿಮಿನೇಷನ್ನೂ

ನನ್ನ ನೀಲಿ ಅಂಗಿಯ ಬೆನ್ನಿನ ಮೇಲೆ ಈಗ ಕಂದು ಬಣ್ಣದ ದೋಣಿಯೊಂದು ತೇಲುತ್ತಿದೆ. ಅದರ ಮೂತಿ ಚೂಪಾಗಿದೆ, ಹಿಂಭಾಗ ಅಗಲವಾಗಿದೆ, ಹಬೆ ಬರುವ ತೂತುಗಳ ಗುರುತುಗಳೂ ದೋಣಿಯ ಕಿಟಕಿಗಳಂತೆ ಸಾಲಾಗಿ ಅಚ್ಚುಕಟ್ಟಾಗಿ ಮೂಡಿವೆ. ಹತ್ತಿಬಟ್ಟೆಯ ಗುರುತಿಗೆ ತಿರುಗಿಸಿಟ್ಟ ಇಸ್ತ್ರಿ ಪೆಟ್ಟಿಗೆ ಸುಮಾರು 200 ಡಿಗ್ರಿಯಷ್ಟು ಕಾದಿರುತ್ತದೆ. ಟಿ.ವಿ.ಯಲ್ಲಿ ನಿರೂಪಕರು, ‘ಈ ವಾರ ಮನೆಯಿಂದ ಹೊರಗೆ ಹೋಗುತ್ತಿರುವವರು...’ ಎಂದು ನಿಲ್ಲಿಸಿ, ಸ್ಪರ್ಧಿಗಳ ಮುಖಗಳನ್ನು ಒಂದೊಂದಾಗಿ ತೋರಿಸಿ, ಎದೆಬಡಿತದಂಥ ಸದ್ದು ಹೊರಡಿಸಿ, ಕೊನೆಗೆ ಜಾಹೀರಾತಿಗೆ ಜಾರಿಕೊಳ್ಳುವಷ್ಟರಲ್ಲಿ ಒಂದು ಅಂಗಿ ಧಾರಾಳವಾಗಿ ಸುಡುತ್ತದೆ ಎಂಬುದನ್ನು ನಾನು ಸ್ವಂತ ಖರ್ಚಿನಲ್ಲಿ ಕಂಡುಕೊಂಡಿದ್ದೇನೆ.

ಹೆಸರುವಾಸಿಗಳನ್ನು ಒಂದು ಮನೆಯಲ್ಲಿ ಕೂಡಿಹಾಕಿ ಹಗಲಿರುಳು ಚಿತ್ರಿಸುವ ‘ಬಿಗ್ ಬಾಸ್’ನಂಥ ಕಾರ್ಯಕ್ರಮಗಳನ್ನು ನೋಡುವವರ ಅಭಿರುಚಿಯ ಬಗ್ಗೆ ನಾನು ಆಗಾಗ ಮರುಕ ವ್ಯಕ್ತಪಡಿಸುವುದುಂಟು. ನಾನು ನೋಡುವುದಾದರೂ ಬರೀ ಹತ್ತು ನಿಮಿಷ, ಅದೂ ಸಮಾಜವನ್ನು ಅರ್ಥ ಮಾಡಿಕೊಳ್ಳುವ ಸಲುವಾಗಿ. ಆ ಹತ್ತು ನಿಮಿಷ ಮೊದಲ ವಾರದಲ್ಲೇ ಒಂದೂವರೆ ಗಂಟೆಗೆ ಬೆಳೆದದ್ದು ಬೇರೆ ವಿಷಯ.

ಏನು ಮಾಡುವುದು, ನೋಟವೇ ಹಾಗಿರುತ್ತದೆ. ಇಪ್ಪತ್ತು ಜನರನ್ನು ಒಂದೇ ಏಟಿಗೆ ಉರುಳಿಸುವ ನಾಯಕನಟರೊಬ್ಬರು ಪಾತ್ರೆ ತೊಳೆಯುವ ಸಿಂಕಿನಲ್ಲಿ ನೀರು ಕಟ್ಟಿಕೊಂಡದ್ದನ್ನು ಕಂಡು, ಎರಡು ಬೆರಳು ಅದ್ದಿ, ಮುಖ ಕಿವಿಚಿ, ಸಹಾಯಕ್ಕಾಗಿ ಸುತ್ತಮುತ್ತ ನೋಡಿದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಮನೆಯ ಸಿಂಕನ್ನು ನಾಲ್ಕು ಸಲ ಬಿಡಿಸಿರುವ ನನಗೆ ಆ ಕ್ಷಣದಲ್ಲಿ ಉಂಟಾದ ಆನಂದವನ್ನು ಸಜ್ಜನರು ಬರೆದು ಹೇಳಿಕೊಳ್ಳಬಾರದು.

1999ರ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸ್‌ನಲ್ಲಿ ಇದರ ಮೂಲವಾದ ‘ಬಿಗ್ ಬ್ರದರ್’ ಮೊದಲು ಆರಂಭವಾದಾಗ ಆ ಮನೆಯೊಳಗೆ ಹೋದವರು ಯಾರೂ ಅರಿಯದ ಸಾಮಾನ್ಯರು. ಹೆಸರುವಾಸಿಗಳನ್ನು ಕೂಡಿಹಾಕುವ ಉಪಾಯ ಬ್ರಿಟನ್ನಿನಲ್ಲಿ 2001ರಲ್ಲಿ ಬಂತು, ಅದೂ ದತ್ತಿ ಕಾರ್ಯಕ್ಕೆ ಹಣ ಕೂಡಿಸಲೆಂದು. ಹಿಂದಿಗೆ ಅದು ‘ಬಿಗ್ ಬಾಸ್’ ಆಗಿ ಬಂದದ್ದು 2006ರಲ್ಲಿ, ಕನ್ನಡಕ್ಕೆ ಸುದೀಪ್ ಅವರ ನಿರೂಪಣೆಯಲ್ಲಿ 2013ರಲ್ಲಿ. ಪರೋಪಕಾರ ಎಲ್ಲಿ ಇಳಿದುಹೋಯಿತೋ ನಾನು ಗಮನಿಸಲಿಲ್ಲ; ಇಸ್ತ್ರಿ ಮಾಡುತ್ತಿದ್ದೆನೋ ಏನೋ.

ಹಗಲಿರುಳು ಚಿತ್ರಿಸಿದ್ದನ್ನು ಒಂದೂವರೆ ಗಂಟೆಗೆ ಇಳಿಸುವಾಗ ಕತ್ತರಿ ಹಿಡಿದವರೇ ದೊರೆಗಳು. ಸೋಮವಾರದ ಮಾತಿನ ತಲೆಗೆ ಗುರುವಾರದ ಮಾತಿನ ಬಾಲವನ್ನು ಅಂಟಿಸುವ ಕೈಚಳಕಕ್ಕೆ ಆ ಉದ್ಯಮದವರು ‘ಫ್ರಾಂಕನ್‌ಬೈಟ್’ ಎನ್ನುತ್ತಾರೆ. ಇದಕ್ಕೆ ಸ್ಟುಡಿಯೋ ಬೇಕೆಂದೇನೂ ಇಲ್ಲ. ಅಂಗಿ ಸುಟ್ಟ ದಿನ ನಾನು ಮಡದಿಗೆ, ‘ನಿನ್ನ ಇಸ್ತ್ರಿ ಪೆಟ್ಟಿಗೆ ಸರಿಯಿಲ್ಲ ಅಂತ ನಾನು ಹೇಳ್ತಿಲ್ಲ, ನನ್ನ ಗಮನವೇ ಸರಿಯಿರಲಿಲ್ಲ’ ಎಂದು ವಿನಯದಿಂದಲೇ ಹೇಳಿದ್ದೆ. ಹತ್ತು ನಿಮಿಷದ ಬಳಿಕ ಅವಳು ತಂಗಿಗೆ ಫೋನು ಮಾಡಿ, ‘ಸುಟ್ಟಿದ್ದು ಇವರು ಕಣೇ, ಆಮೇಲೆ ನಿನ್ನ ಇಸ್ತ್ರಿ ಪೆಟ್ಟಿಗೆ ಸರಿಯಿಲ್ಲ ಅಂತಾರೆ!’ ಎನ್ನುತ್ತಿದ್ದಳು. ಪದಗಳೆಲ್ಲ ನನ್ನವೇ ಆಗಿದ್ದುದರಿಂದ ತಕರಾರು ಎತ್ತುವಂತಿರಲಿಲ್ಲ. ಕ್ಯಾಮೆರಾದ ಮುಂದೆ ಕೂತು ‘ನಾನು ಹಾಗೆ ಹೇಳಲೇ ಇಲ್ಲ’ ಎಂದು ಅಳುವ ಸ್ಪರ್ಧಿಗಳ ಮೇಲೆ ಅಂದಿನಿಂದ ನನಗೆ ಕರುಣೆ ಹೆಚ್ಚಿದೆ.

ಆದರೆ ಎಲ್ಲವನ್ನೂ ಕತ್ತರಿಯ ಮೇಲೆ ಹೊರಿಸಲಾಗದು. 2007ರಲ್ಲಿ ಬ್ರಿಟನ್ನಿನ ಖ್ಯಾತನಾಮರ ಮನೆಯಲ್ಲಿ ಶಿಲ್ಪಾ ಶೆಟ್ಟಿಯವರನ್ನು ಸಹಸ್ಪರ್ಧಿ ಜೇಡ್ ಗುಡಿ ಮತ್ತು ಆಕೆಯ ಗೆಳತಿಯರು ಹೀಯಾಳಿಸಿದಾಗ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆಗೆ 40,000ಕ್ಕೂ ಹೆಚ್ಚು ದೂರುಗಳು ಬಂದವು, ಪ್ರಾಯೋಜಕರು ಹಿಂದೆ ಸರಿದರು. ದೂರಬೇಕಾದರೆ ಮೊದಲು ನೋಡಬೇಕಲ್ಲ. ನೋಡುವವರ ಸಂಖ್ಯೆಯೂ ಏರಿತು. ಶಿಲ್ಪಾ ಗೆದ್ದರು. ಮರುವರ್ಷ ಅದೇ ಜೇಡ್, ಅದೇ ಶಿಲ್ಪಾ ನಿರೂಪಿಸುತ್ತಿದ್ದ ಹಿಂದಿ ‘ಬಿಗ್ ಬಾಸ್’ ಮನೆಗೆ ಬಂದರು. ತಮಗೆ ಕ್ಯಾನ್ಸರ್ ಇದೆಯೆಂಬ ಸುದ್ದಿ ಆಕೆಗೆ ತಲುಪಿದ್ದು ಆ ಮನೆಯೊಳಗಿದ್ದಾಗಲೇ. 2009ರ ಮಾರ್ಚಿನಲ್ಲಿ ತೀರಿಕೊಂಡಾಗ ಆಕೆಯ ವಯಸ್ಸು 27. 2002ರಲ್ಲಿ ಸಾಮಾನ್ಯ ಸ್ಪರ್ಧಿಯಾಗಿ ಇಂಥದೇ ಮನೆ ಹೊಕ್ಕು ಹೆಸರಾದ ಹುಡುಗಿ ಅವರು. ಇದನ್ನು ನೆನೆದಾಗಲೆಲ್ಲ ನಾನು ರಿಮೋಟ್ ಕೈಗೆತ್ತಿಕೊಳ್ಳುತ್ತೇನೆ. ಆ ಹೊತ್ತಿಗೆ ಸರಿಯಾಗಿ ಯಾರೋ ಯಾರದೋ ಶಾಂಪೂ ಕದ್ದಿರುತ್ತಾರೆ. ರಿಮೋಟ್ ಕೈಯಲ್ಲೇ ಉಳಿಯುತ್ತದೆ.

ಅಂಗಿಯ ವಿಷಯಕ್ಕೆ ಬರುತ್ತೇನೆ. ಹೊಗೆ ಕಂಡು ನಾನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ, ತಂತಿ ಕೀಳಲು ಹೋಗಿ, ಮೇಜಿಗೆ ಮೊಣಕಾಲು ಬಡಿಸಿಕೊಂಡು ಕುಂಟುತ್ತಿದ್ದಾಗ ಮಡದಿ ಒಳಮನೆಯಿಂದ ಓಡಿಬಂದಳು.

‘ಏನ್ರೀ ಅದು, ಸುಟ್ಟ ವಾಸನೆ?’

‘ಅಂಗಿ’ ಎಂದೆ.

‘ಅದು ಹೋಗ್ಲಿ, ಯಾರು ಔಟಾದ್ರು?’

ನನಗೆ ಗೊತ್ತಿರಲಿಲ್ಲ. ಜಾಹೀರಾತು ಮುಗಿದು, ಫಲಿತಾಂಶ ಘೋಷಣೆಯಾಗಿ, ಕಾರ್ಯಕ್ರಮದ ಕೊನೆಯ ಹೆಸರುಗಳು ತೆರೆಯ ಮೇಲೆ ಉರುಳುತ್ತಿದ್ದವು. ಈ ಕಾರ್ಯಕ್ರಮದ ಹೆಸರೆತ್ತಿದರೆ ಮೂಗು ಮುರಿಯುವ ನಾವಿಬ್ಬರೂ ಆ ರಾತ್ರಿ ಮರುಪ್ರಸಾರಕ್ಕಾಗಿ, ಒಬ್ಬರ ಮುಖ ಒಬ್ಬರು ನೋಡದೆ, ನಿದ್ದೆಗೆಟ್ಟು ಕುಳಿತೆವು. ಮತ್ತೆ ಅದೇ ಮೌನ, ಅದೇ ಎದೆಬಡಿತ, ಅದೇ ಜಾಹೀರಾತು. ಕೊನೆಗೆ ನಿರೂಪಕರು ನಕ್ಕು, ಈ ವಾರ ಮನೆಯಿಂದ ಯಾರೂ ಹೊರಗೆ ಹೋಗುತ್ತಿಲ್ಲ ಎಂದರು. ಮಡದಿ ಮೂಲೆಯಲ್ಲಿ ಮುದುಡಿ ಬಿದ್ದಿದ್ದ ನೀಲಿ ಅಂಗಿಯ ಕಡೆ ನೋಡಿದಳು.