ಹೋರಾಟ ಮನೆಯಿಂದಲೇ ಬಂದಿದ್ದು

ಹಿಂದಿ ಚಿತ್ರನಟಿ ಶಬಾನಾ ಆಜ್ಮಿ ಹೆಸರು ಮಾಡಿದ ಮೇಲೆ ಹೋರಾಟದ ಕಡೆ ಬಂದರು ಅನ್ನೋ ಅರ್ಥದಲ್ಲಿ ಲೇಖನ ಬರೆದಿದ್ದೀರಿ. ನನಗ್ಯಾಕೋ ಇದು ಉಲ್ಟಾ ಅನ್ನಿಸಿತು. ತಂದೆ ಕೈಫಿ ಆಜ್ಮಿ ಉರ್ದು ಕವಿ, ಕಮ್ಯುನಿಸ್ಟ್ ಪಕ್ಷದವರು. ತಾಯಿ ಶೌಕತ್ ರಂಗನಟಿ. ಮುಂಬೈನಲ್ಲಿ ಪಕ್ಷದ ಕಮ್ಯೂನ್‌ನಲ್ಲಿ, ಅಂದರೆ ಪಕ್ಷದವರು ಒಟ್ಟಿಗೆ ಬದುಕುವ ಮನೆಯಲ್ಲಿ, ಇವರಿಗೆ ಇದ್ದಿದ್ದು ಒಂದೇ ರೂಮು, ಅಕ್ಕಪಕ್ಕದಲ್ಲಿ ಬೇರೆ ಕುಟುಂಬಗಳು. ನೀಲಿ ಕಣ್ಣಿನ ಗೊಂಬೆ ಬೇಕೆಂದು ಆಸೆಪಟ್ಟ ಹುಡುಗಿಗೆ ಅಪ್ಪ ಕಪ್ಪು ಗೊಂಬೆ ತಂದುಕೊಟ್ಟರಂತೆ, ಕಪ್ಪೂ ಚೆಂದವೇ ಅಂತ. ಮಗಳಿಗೆ ಆಗ ಸಿಟ್ಟೇ ಬಂದಿರಬೇಕು ಬಿಡಿ!

ಓದಿನ ಪಾಲೂ ಇದೆ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಮನಃಶಾಸ್ತ್ರ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್. 1974ರಲ್ಲಿ 'ಅಂಕುರ್' ಸಿನಿಮಾ, ಅದಕ್ಕೇ ರಾಷ್ಟ್ರಪ್ರಶಸ್ತಿ.

1986ರಲ್ಲಿ ಮುಂಬೈನ ಕೊಳೆಗೇರಿ ತೆರವಿನ ವಿರುದ್ಧ ಶಬಾನಾ ಉಪವಾಸ ಕೂತಾಗ ತಾಯಿ ಗಾಬರಿಯಾದರು. ಊರಲ್ಲಿರದ ಅಪ್ಪ ಮಾತ್ರ ಟೆಲಿಗ್ರಾಂ ಕಳಿಸಿ, ಕಾಮ್ರೇಡ್ ಅಂತ ಕರೆದು ಶುಭ ಕೋರಿದರು. ಸುಮ್ನೆ ಪಬ್ಲಿಸಿಟಿಗೆ ಕೂತವರ ಮನೆಯಲ್ಲಿ ಹೀಗೆ ನಡೆಯಲ್ಲ, ಅಲ್ವಾ? ಲೇಖನದಲ್ಲಿ ಪ್ರಶಸ್ತಿಗಳ ಪಟ್ಟಿ ಜಾಸ್ತಿ ಆಯಿತು, ಆ ಟೆಲಿಗ್ರಾಂ ಬಿಟ್ಟೇ ಹೋಗಿದೆ.