ಅಜ್ಜನ ಮೊಣಕಾಲು ಮತ್ತು ಅಕ್ಕಿ ಮೂಟೆ

ನಿನ್ನೆ ಕೈಲ್ ಪೊಳ್ದ್ (ನಮ್ಮ ಕೊಡವರ ಆಯುಧಪೂಜೆ ಹಬ್ಬ) ಊಟಕ್ಕೆ ಕೊಡಗಿನ ನಾಪೋಕ್ಲು ಕಡೆಯ ನೆಂಟರ ಮನೆಗೆ ಹೋಗಿದ್ದೆ. ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಆಯಿತು, ತೆಂಗಿನಕಾಯಿಗೆ ಗುಂಡು ಹೊಡೆದದ್ದೂ ಆಯಿತು. ಕಡಂಬುಟ್ಟು, ಪಂದಿಕರಿ ಮುಂದೆ ಕೂತಾಗ ಮಾತು ಮಿಲಿಟರಿಗೆ ಬಂತು. (ನಮ್ಮಲ್ಲಿ ಇನ್ನೆಲ್ಲಿಗೆ ಹೋಗುತ್ತೆ? ಒಂದೋ ಮಿಲಿಟರಿ, ಇಲ್ಲ ಕಾಫಿ ರೇಟು.) ಮಾವ ಒಬ್ಬರು ನನ್ನ ಕಡೆ ತಿರುಗಿ, "ನಿನ್ನ ಅಜ್ಜ ಇಂಫಾಲದಲ್ಲಿ ಇದ್ದದ್ದು ಹೌದು. ಆದರೆ ಯುದ್ಧ ಎಲ್ಲಿ ಮಾಡಿದ್ರು? ಏರ್‌ಫೀಲ್ಡಲ್ಲಿ ಅಕ್ಕಿ ಮೂಟೆ ಇಳಿಸ್ತಿದ್ರು, ಅಷ್ಟೇ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಉರಿ ಶುರುವಾಯಿತು.

ಅಕ್ಕಿ ಮೂಟೆ ಅಂದ್ರೆ ಅಷ್ಟು ಸಸಾರನಾ?

ಎರಡನೇ ಮಹಾಯುದ್ಧದ ಕಾಲ. 1944ರ ಮಾರ್ಚ್ ಕೊನೆಗೆ ಜಪಾನಿನವರು ಮಣಿಪುರದ ಇಂಫಾಲಕ್ಕೆ ಸಾಮಾನು ಬರುತ್ತಿದ್ದ ಕೊಹಿಮಾ–ಇಂಫಾಲ ರಸ್ತೆ ಕಡಿದರು. ಅದು ಮತ್ತೆ ತೆರೆದದ್ದು ಜೂನ್ 22ಕ್ಕೆ. ಮಧ್ಯೆ ಅಲ್ಲಿ ಸಿಕ್ಕಿಬಿದ್ದ ನಮ್ಮ ಕಡೆಯ ಒಂದೂವರೆ ಲಕ್ಷ ಜನಕ್ಕೆ ಊಟ, ಪೆಟ್ರೋಲು, ಮದ್ದುಗುಂಡು ಎಲ್ಲ ಡಕೋಟಾ ವಿಮಾನದಲ್ಲೇ ಬರಬೇಕು. ಕೊಯಿರೆಂಗೈ, ಪಾಲೆಲ್, ತುಲಿಹಾಲ್ ಅಂತ ಆ ಕಣಿವೆಯಲ್ಲಿ ಆರು ಏರ್‌ಫೀಲ್ಡು. ಆ ಯುದ್ಧದಲ್ಲಿ ವಿಮಾನಗಳು ತಂದು ಹಾಕಿದ ಸಾಮಾನು 19,000 ಟನ್. ಸಿಗರೇಟೇ 4 ಕೋಟಿಗೂ ಜಾಸ್ತಿ. ಟಪಾಲು 1,200 ಚೀಲ. ಅದರಲ್ಲಿ ನಮ್ಮ ಅಜ್ಜಿಯ ಒಂದು ಕಾಗದವಾದರೂ ಇದ್ದಿರಬೇಕು. ವಾಪಸ್ ಹೋಗುವಾಗ 13,000 ಗಾಯಾಳುಗಳನ್ನು ಹೊತ್ತೊಯ್ದವು. ಇವೆಲ್ಲ ತಾವಾಗಿಯೇ ಹತ್ತಿ ಇಳಿದವಾ, ಮಾವ?

ಬರ್ಮಾದ ಅರಾಕಾನ್‌ನಿಂದ 5ನೇ ಇಂಡಿಯನ್ ಡಿವಿಷನ್ನನ್ನು ಫಿರಂಗಿ, ಹೇಸರಗತ್ತೆ ಸಮೇತ ವಿಮಾನದಲ್ಲೇ ತಂದರು. ಹೇಸರಗತ್ತೆ ವಿಮಾನದ ಬಾಗಿಲಲ್ಲಿ ನಾಲ್ಕೂ ಕಾಲು ಊರಿ ನಿಂತುಬಿಡುತ್ತಿತ್ತಂತೆ. ಮುಂದಿನಿಂದ ಒಬ್ಬ ಎಳೆಯಬೇಕು, ಹಿಂದಿನಿಂದ ಒಬ್ಬ ತಳ್ಳಬೇಕು. ಹಿಂದಿದ್ದವರು ನಮ್ಮಜ್ಜ. ಒದೆ ಬಿದ್ದ ಮೊಣಕಾಲು ಸಾಯೋವರೆಗೂ ಪ್ರತಿ ಮಳೆಗಾಲ ನೋಯುತ್ತಿತ್ತು. ನಮ್ಮೂರ ಮಳೆಗಾಲ ಎಷ್ಟುದ್ದ ಅಂತ ಗೊತ್ತಲ್ವಾ.

ಒಂದು ತಪ್ಪೊಪ್ಪಿಗೆ: ಶಾಲೆಯಲ್ಲಿ ನಾನು ಅದನ್ನು ಗುಂಡೇಟು ಅಂತ ಹೇಳಿದ್ದೆ. ಏಳನೇ ಕ್ಲಾಸಿನವರೆಗೂ ಹೇಳಿದೆ. ಅಂದ್ರೆ ನನಗೂ ಮಾವನದೇ ಬುದ್ಧಿ ಇತ್ತು. ಅದಕ್ಕೇ ಉರಿ ಜಾಸ್ತಿ ಇರಬೇಕು.

"ಗುಡ್ಡದ ಮೇಲೆ ಸತ್ತವನೂ ಮೂಟೆ ಇಳಿಸಿದವನೂ ಒಂದೇನಾ?" ಅಂತ ಕೇಳಬಹುದು. ಒಂದೇ ಅಲ್ಲ, ಒಪ್ಪಿದೆ. ಆದರೆ ಏಪ್ರಿಲ್ 13ರಂದು ನುಂಗ್‌ಶಿಗಮ್ ಗುಡ್ಡಕ್ಕೆ ಟ್ಯಾಂಕುಗಳ ಜೊತೆ ಹತ್ತಿ ಡೋಗ್ರಾ ರೆಜಿಮೆಂಟಿನವರು ಪ್ರಾಣ ಕೊಟ್ಟದ್ದು ಯಾಕೆ? ಅದರ ತುದಿಯಲ್ಲಿ ನಿಂತರೆ ಕೊಯಿರೆಂಗೈ ರನ್‌ವೇ ಕಾಲ ಕೆಳಗೇ ಕಾಣುತ್ತೆ. ಅದು ಕೈ ತಪ್ಪಿದರೆ ಮೂಟೆ ಬರಲ್ಲ. ಜಪಾನಿನವರು ಮೂರು ವಾರದ ಬುತ್ತಿ ಕಟ್ಟಿಕೊಂಡು ಬಂದಿದ್ದರು, ಉಳಿದದ್ದು ನಮ್ಮ ಗೋದಾಮಲ್ಲಿ ಸಿಗುತ್ತೆ ಅಂತ ಲೆಕ್ಕ. ಸಿಗಲಿಲ್ಲ. ಅವರಲ್ಲಿ ಗುಂಡಿಗಿಂತ ಹಸಿವು, ಕಾಯಿಲೆಯಿಂದ ಸತ್ತವರೇ ಜಾಸ್ತಿ. ಅವರಿಗೂ ಒಬ್ಬ ಮೂಟೆ ಇಳಿಸೋನು ಬೇಕಾಗಿತ್ತು.

ಕಾರ್ಯಪ್ಪ, ತಿಮ್ಮಯ್ಯ ಹೆಸರು ಹೇಳದೆ ನಮಗೆ ಉಂಡದ್ದು ಅರಗಲ್ಲ. ಹೇಳಲಿ, ಬೇಡ ಅಂದವರ್ಯಾರು. ಆದರೆ 1965ರಲ್ಲಿ ಪಾಕಿಸ್ತಾನದ ಸರಗೋಧಾ ಏರ್‌ಫೀಲ್ಡ್ ದಾಳಿಗೆ ಹೋಗಿ ವಾಪಸ್ ಬಾರದ ನಮ್ಮ ಅಜ್ಜಮಾಡ ದೇವಯ್ಯನವರಿಗೇ ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ವಿಮಾನ ಹಾರಿಸಿದವರಿಗೇ 23 ವರ್ಷ ಹಿಡಿಯಿತು. ಕೆಳಗೆ ನಿಂತು ಮೂಟೆ ಹೊತ್ತವರನ್ನು ಕೇಳೋರ್ಯಾರು?

ಅದೂ ಕೈಲ್ ಪೊಳ್ದ್ ದಿನ ಈ ಮಾತು! ಕೋವಿ ಜೊತೆ ಕತ್ತಿ, ನೇಗಿಲಿಗೂ ಪೂಜೆ ಮಾಡೋ ಹಬ್ಬ. ನಾಟಿ ಮುಗಿದ ಮೇಲೇ ಕೋವಿ ಹೊರಗೆ ಬರೋದು.

ಮಾವ, ನೀವು ಇದನ್ನು ಓದೇ ಓದ್ತೀರಿ, ಲೈಕ್ ಮಾತ್ರ ಒತ್ತಲ್ಲ. ಭಾನುವಾರ ಮಿಲ್ಲಿನಿಂದ ನಮ್ಮನೆಗೆ ಅಕ್ಕಿ ಬರುತ್ತೆ, ಹನ್ನೆರಡು ಮೂಟೆ. ಬನ್ನಿ, ಜೀಪಿನಿಂದ ಇಳಿಸೋಣ. ಹೇಸರಗತ್ತೆ ಇರಲ್ಲ, ಹೆದರಬೇಡಿ.