ಒಂದು ಕಣ್ಣು ತಟ್ಟೆಯ ಮೇಲೆ

ನಮ್ಮ ಮದುವೆಗೆ 25 ವರ್ಷ ತುಂಬಿತು ಅಂತ ಮಗಳು ನ್ಯೂಯಾರ್ಕಿನಲ್ಲಿ ಡಿನ್ನರ್ ಕ್ರೂಸಿಗೆ ಟಿಕೆಟ್ ತೆಗೆದುಕೊಟ್ಟಳು. ಸಂಜೆ 7ಕ್ಕೆ ಹಡಗು ಬಿಡುತ್ತದೆ. ಊಟ ಮಾಡುತ್ತಾ, ಮ್ಯಾನ್‌ಹ್ಯಾಟನ್ನಿನ ದೀಪ ನೋಡುತ್ತಾ, ಆರಾಮವಾಗಿ ಒಂದು ಸುತ್ತು ಹಾಕಿ ಬರುವುದು. "ನೀವಿಬ್ಬರೇ ಹೋಗಿ ಬನ್ನಿ, ರೊಮ್ಯಾಂಟಿಕ್ ಆಗಿರತ್ತೆ" ಅಂದಳು. ಅವಳಿಗೆ ಅವತ್ತು ಆಫೀಸಿತ್ತು ಅನ್ನುವುದು ಬೇರೆ ವಿಷಯ.

ಟಿಕೆಟ್ ನಮ್ಮವರ ಫೋನಿನಲ್ಲಿತ್ತು. ಅವರ ಕನ್ನಡಕ ನನ್ನ ಬ್ಯಾಗಿನಲ್ಲಿತ್ತು. ಇವೆರಡೂ ಒಂದೇ ಕಡೆ ಇದ್ದಿದ್ದರೆ ಈ ಬರಹದ ಅರ್ಧ ಭಾಗ ಇರುತ್ತಲೇ ಇರಲಿಲ್ಲ.

"ಪಿಯರ್ 16" ಅಂದರು ಇವರು, ಫೋನನ್ನು ಒಂದು ಮೊಳ ದೂರ ಹಿಡಿದು. ಕನ್ನಡಕ ಕೊಡಲಾ ಅಂದೆ. ಬೇಡ, ಎಲ್ಲಾ ಕಾಣಿಸ್ತಿದೆ ಅಂದರು. ಸರಿ, ಪಿಯರ್ 16ಕ್ಕೆ ಹೋದೆವು. ಪಿಯರ್ ಅಂದರೆ ಹಡಗು ನಿಲ್ಲುವ ಕಟ್ಟೆ. ಅದು ನಗರದ ಕೆಳತುದಿಯಲ್ಲಿ, ಈಸ್ಟ್ ರಿವರ್ ದಡದಲ್ಲಿದೆ. ಹೋಗಿ ನೋಡಿದರೆ, ಆಹಾ! ಮೂರು ಮೂರು ಎತ್ತರದ ಕಂಬದ, ಹಗ್ಗಗಳ ಬಲೆಯೇ ಇರುವ ಹಳೇ ಕಾಲದ ಹಾಯಿ ಹಡಗು ನಿಂತಿದೆ. "ಮಗಳು ಏನು ಕಮ್ಮಿ ಖರ್ಚು ಮಾಡಿಲ್ಲ ನೋಡೇ" ಅಂತ ಇವರು ಉಬ್ಬಿಹೋದರು. ಅದರ ಮುಂದೆ ನಿಲ್ಲಿಸಿ ನನ್ನ ಆರು ಫೋಟೊ ತೆಗೆದರು. ಆಮೇಲೆ ಅಲ್ಲಿದ್ದ ಹುಡುಗನಿಗೆ ಟಿಕೆಟ್ ತೋರಿಸಿ, ಊಟ ಎಷ್ಟು ಹೊತ್ತಿಗೆ ಅಂತ ವಿಚಾರಿಸಿದರು.

ಅವನು ಫೋನು ನೋಡಿದ, ಇವರನ್ನು ನೋಡಿದ, ಹಡಗನ್ನು ನೋಡಿದ. ಇದರ ಹೆಸರು ವೇವರ್‌ಟ್ರೀ, 1885ರಲ್ಲಿ ಕಟ್ಟಿದ್ದು, ಈಗ ಮ್ಯೂಸಿಯಂ, ಇವತ್ತು ಎಲ್ಲಿಗೂ ಹೋಗಲ್ಲ ಅಂತ ಬಹಳ ಮರ್ಯಾದೆಯಿಂದ ಹೇಳಿದ. ನಿಮ್ಮದು ಪಿಯರ್ 61, ಅದು ಊರಿನ ಆಚೆ ಮಗ್ಗುಲಲ್ಲಿ, ಹಡ್ಸನ್ ನದಿಯ ಕಡೆ.

ಗಂಟೆ 6 ದಾಟಿತ್ತು. ಟ್ಯಾಕ್ಸಿ ಸಿಕ್ಕಿತು, ಆದರೆ ಆ ಹೊತ್ತಿಗೆ ಇಡೀ ನ್ಯೂಯಾರ್ಕೇ ರಸ್ತೆಗೆ ಇಳಿದಿತ್ತು. ಮೀಟರ್ ಓಡುತ್ತಿತ್ತು, ಕಾರು ನಿಂತಿತ್ತು. ನಾನು ಬ್ಯಾಗಿನಿಂದ ಕನ್ನಡಕ ತೆಗೆದು ಇವರ ಮಡಿಲಿಗೆ ಇಟ್ಟೆ. ಒಂದು ಮಾತೂ ಆಡಲಿಲ್ಲ. 25 ವರ್ಷದಲ್ಲಿ ಕಲಿತ ವಿದ್ಯೆ ಅದು, ಎಲ್ಲಿ ಸುಮ್ಮನಿದ್ದರೆ ಜಾಸ್ತಿ ಪೆಟ್ಟು ಬೀಳುತ್ತದೆ ಅಂತ ಗೊತ್ತಿರುವುದು.

6.50ಕ್ಕೆ ಇಳಿದೆವು. ಇಳಿದವರೇ ಓಟ. ನನ್ನ ಕೈಯಲ್ಲಿ ರೇಷ್ಮೆ ಸೀರೆಯ ನೆರಿಗೆ, ಇವರ ಕೈಯಲ್ಲಿ ಕೋಟು. ಹಡಗಿನ ಬಾಗಿಲಿಗೆ ಇನ್ನು ಹತ್ತೇ ಹೆಜ್ಜೆ ಅನ್ನುವಾಗ ಒಬ್ಬ ಅಡ್ಡ ಬಂದು, ನಗಿ ಅಂದ. ಫೋಟೊಗ್ರಾಫರು. ಹತ್ತುವವರನ್ನೆಲ್ಲಾ ನಿಲ್ಲಿಸಿ ತೆಗೆದು, ಇಳಿಯುವಾಗ ಮಾರುತ್ತಾರೆ. ನಾವು ಏದುಸಿರು ಬಿಡುತ್ತಲೇ ನಕ್ಕೆವು.

ಒಳಗೆ ಬಿಳಿ ಬಟ್ಟೆ ಹಾಸಿದ ಮೇಜುಗಳು, ಮೆಲ್ಲನೆ ಸಂಗೀತ. ನಮ್ಮ ಮೇಜು ಕಿಟಕಿಯಿಂದ ಎರಡನೇ ಸಾಲು. ಕಿಟಕಿ ಪಕ್ಕದ್ದಕ್ಕೆ ಬೇರೆ ರೇಟಂತೆ, ಅದು ಆಮೇಲೆ ಗೊತ್ತಾಯಿತು. ನಮಗೂ ಕಿಟಕಿಗೂ ನಡುವೆ ಒಬ್ಬ ಆರಡಿ ಆಸಾಮಿ, ಆತನ ಪಕ್ಕ ಆತನ ಹೆಂಡತಿ, ಆಕೆಯ ತಲೆಯ ಮೇಲೆ ಒಂದು ಕೂದಲಿನ ಗೋಪುರ. ನಾನು ಕೂತ ಕಡೆಯಿಂದ ಆ ಇಬ್ಬರ ಕಿವಿಗಳ ನಡುವೆ ಮೂರು ಬೆರಳಷ್ಟು ನ್ಯೂಯಾರ್ಕ್ ಕಾಣುತ್ತಿತ್ತು. ನಮ್ಮವರು ಅದೂ ಬೇಡ ಅಂತ ಕಿಟಕಿಗೆ ಬೆನ್ನು ಮಾಡಿ ಕೂತರು. ಅವರಿಗೆ ನೋಡುವುದಕ್ಕಿಂತ ಹೇಳುವುದು ಮುಖ್ಯ. ಒಂದು ವಾರದಿಂದ ಫೋನಿನಲ್ಲಿ ಓದಿಕೊಂಡಿದ್ದರು.

ಸೆಪ್ಟೆಂಬರ್ ತಿಂಗಳು, ಸೂರ್ಯ 7ರ ಹೊತ್ತಿಗೇ ಮುಳುಗಿದ. ಹಡಗು ಹೊರಟ ಮೊದಲ ಹದಿನೈದು ನಿಮಿಷ ಆಕಾಶ ಒಂಥರಾ ಕಿತ್ತಳೆ, ಒಂಥರಾ ನೇರಳೆ. ಕಟ್ಟಡಗಳಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ಬಹಳ ಚೆನ್ನಾಗಿತ್ತು. ಆ ಹದಿನೈದು ನಿಮಿಷ ನಾವಿಬ್ಬರೂ ಮೆನು ಕಾರ್ಡಿನಲ್ಲಿ ಮಾಂಸವಿಲ್ಲದ್ದು ಯಾವುದು ಅಂತ ಹುಡುಕುತ್ತಿದ್ದೆವು.

ತಲೆ ಎತ್ತುವ ಹೊತ್ತಿಗೆ ಹೊರಗೆ ಕತ್ತಲಾಗಿತ್ತು, ಒಳಗೆ ದೀಪ ಹಾಕಿದ್ದರು. ಇಲ್ಲೊಂದು ಮಾತು ಹೇಳಬೇಕು. ಹೊರಗೆ ಕತ್ತಲು, ಒಳಗೆ ಬೆಳಕು ಇದ್ದರೆ ಕಿಟಕಿಯ ಗಾಜು ಕನ್ನಡಿಯಾಗುತ್ತದೆ. ಇದು ಶಾಲೆಗೆ ಹೋದವರಿಗೆಲ್ಲಾ ಗೊತ್ತು, ಟಿಕೆಟ್ ಕೊಳ್ಳುವಾಗ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಗಾಜಿನಲ್ಲಿ ನನಗೆ ಕಂಡದ್ದು ಬ್ರೆಡ್ಡು ಅಗಿಯುತ್ತಿರುವ ನಾನು. ನನ್ನೆದುರು ಇವರ ತಲೆಯ ಹಿಂಭಾಗ. ಅಲ್ಲಿ ಕೂದಲು ಖಾಲಿಯಾಗಿ ವರ್ಷಗಳಾದವು, ಮೇಲಿನ ದೀಪ ಬಿದ್ದು ಮಿರಿಮಿರಿ ಹೊಳೆಯುತ್ತಿತ್ತು. ಅದೇ ಹೊತ್ತಿಗೆ ಗಾಜಿನ ಆಚೆ ವನ್ ವರ್ಲ್ಡ್ ಟ್ರೇಡ್ ಸೆಂಟರ್ ಬಂತು. ಅದರ ತುದಿಯ ಉದ್ದನೆಯ ಕಡ್ಡಿ ಸರಿಯಾಗಿ ಇವರ ನೆತ್ತಿಯಿಂದ ಮೊಳೆತು ಆಕಾಶಕ್ಕೆ ಹೋಗಿತ್ತು.

"1776 ಅಡಿ ಎತ್ತರ. ಯಾಕೆ ಹೇಳು? ಇವರಿಗೆ ಸ್ವಾತಂತ್ರ್ಯ ಬಂದದ್ದು 1776ರಲ್ಲಿ, ಅದಕ್ಕೆ" ಅಂದರು ಇವರು, ಕಡ್ಡಿಯ ಸಮೇತ ತಲೆಯಾಡಿಸುತ್ತಾ.

ನನಗೆ ನಗು ತಡೆಯಲಾಗಲಿಲ್ಲ. ಬ್ರೆಡ್ಡು ಗಂಟಲಿಗೆ ಸಿಕ್ಕಿತು. ಪಕ್ಕದ ಮೇಜಿನವರು ನೀರು ಕೊಟ್ಟರು. ಸ್ವಾತಂತ್ರ್ಯದಲ್ಲಿ ನಗುವಂಥದ್ದೇನಿದೆ ಅಂತ ಇವರಿಗೆ ಸಿಟ್ಟು.

ಅಷ್ಟರಲ್ಲಿ ಸಲಾಡ್ ಬಂತು. ಜೊತೆಗೇ ಮೈಕಿನಲ್ಲಿ, ಬ್ರೂಕ್ಲಿನ್ ಸೇತುವೆ ಬರುತ್ತಿದೆ, ನೋಡುವವರು ಮೇಲಿನ ಡೆಕ್‌ಗೆ ಹೋಗಿ ಅಂತಲೂ ಬಂತು. ಈ ಹಡಗಿನವರ ಲೆಕ್ಕಾಚಾರ ನನಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಏನೂ ಇಲ್ಲದ ಕಡೆ ತಟ್ಟೆ ಖಾಲಿ. ನೋಡುವಂಥದ್ದು ಬಂತೋ, ತಟ್ಟೆಯೂ ಬಂತು. ಒಂದು ಎಲೆ ಬಾಯಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದೆವು.

ಮೇಲೆ ಗಾಳಿ ಅಂದರೆ ಗಾಳಿ. "ಬಿ.ಎಂ.ಡಬ್ಲ್ಯು!" ಅಂತ ಇವರು ಕೂಗಿದರು. ನದಿಯಲ್ಲಿ ಕಾರೆಲ್ಲಿಂದ ಬಂತು ಅಂತ ತಿರುಗಿದೆ. ಬ್ರೂಕ್ಲಿನ್, ಮ್ಯಾನ್‌ಹ್ಯಾಟನ್, ವಿಲಿಯಮ್ಸ್‌ಬರ್ಗ್, ಸೇತುವೆಗಳು ಸಾಲಾಗಿ ಬರುವುದನ್ನು ನೆನಪಿಡಲು ಹಾಗಂತೆ. ಇನ್ನೊಂದು ವಿಷಯ, ಈಸ್ಟ್ ರಿವರ್ ಅನ್ನುವುದು ಹೆಸರಿಗೆ ಮಾತ್ರ ರಿವರ್, ನಿಜಕ್ಕೂ ಅದು ನದಿಯೇ ಅಲ್ಲ, ಸಮುದ್ರದ ನೀರು ಆಚೆ ಈಚೆ ಹರಿದಾಡುವ ಜಲಸಂಧಿ. ಇದನ್ನು ಇವರು ಎಷ್ಟು ಜೋರಾಗಿ ಹೇಳಿದರೆಂದರೆ, ಮೋಸ ಹೋದದ್ದು ತಾವೇ ಅನ್ನುವ ಹಾಗಿತ್ತು.

ಸೇತುವೆ ನಿಜಕ್ಕೂ ನೆತ್ತಿಯ ಮೇಲೇ ಬಂತು. ಕಲ್ಲಿನ ಎರಡು ಗೋಪುರ, ಮಧ್ಯೆ ಜೇಡರ ಬಲೆಯ ಹಾಗೆ ತಂತಿಗಳು. ಕೆಳಗಿನಿಂದ ನೋಡಿದರೆ ಮೇಲೆ ಓಡುವ ಕಾರುಗಳ ಗುಂಯ್ ಅನ್ನುವ ಸದ್ದು ಒಂದೇ ಸಮ ಕೇಳುತ್ತದೆ. ನಾನು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದೆ. ಸೆರಗಿನ ಕಡೆ ಗಮನವಿರಲಿಲ್ಲ. ಅದು ಪಿನ್ನು ಕಿತ್ತುಕೊಂಡು ಹಾರಿ, ಪಕ್ಕದಲ್ಲಿ ದೊಡ್ಡ ಕ್ಯಾಮೆರಾ ಹಿಡಿದಿದ್ದ ಮಹಾಶಯರ ಮುಖಕ್ಕೇ ಸುತ್ತಿಕೊಂಡಿತು. ಬಿಡಿಸಿಕೊಂಡಾಗ ಸೇತುವೆ ಹಿಂದೆ ಹೋಗಿತ್ತು. ಅವರು ಪಾಪ, ಸಂಕೋಚದಿಂದ ಫೋಟೊ ತೋರಿಸಿದರು. ಹಸಿರು ರೇಷ್ಮೆ, ಜರಿ ಅಂಚು, ಒಂದು ಮೂಲೆಯಲ್ಲಿ ಬೆಳ್ಳಗೆ ಏನೋ. ಅಂಚು ಮಾತ್ರ ಬಹಳ ಸ್ಪಷ್ಟವಾಗಿ ಬಂದಿತ್ತು.

ನಾನು ಕ್ಷಮೆ ಕೇಳಿ ಮುಗಿಸುವ ಮೊದಲೇ ಇವರ ಪ್ರವಚನ ಶುರುವಾಗಿತ್ತು. ಸೇತುವೆಯ ಯೋಜನೆ ಹಾಕಿದ ಎಂಜಿನಿಯರ್ ಜಾನ್ ರೋಬ್ಲಿಂಗ್ ಕಟ್ಟುವ ಮೊದಲೇ ತೀರಿಕೊಂಡರು. ಮಗ ವಾಷಿಂಗ್ಟನ್ ರೋಬ್ಲಿಂಗ್ ಕೆಲಸ ಹೊತ್ತರು. ನೀರಿನ ಅಡಿ, ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಯಂಥ ಕೋಣೆಗಳಲ್ಲಿ ಇಳಿದು ಇಳಿದು ಕಾಯಿಲೆ ಬಿದ್ದು ಮನೆ ಹಿಡಿದರು. ಆಮೇಲೆ ಕೆಲಸ ನಡೆಸಿದ್ದು ಅವರ ಹೆಂಡತಿ ಎಮಿಲಿ. ಗಂಡನ ಮಾತನ್ನು ಎಂಜಿನಿಯರುಗಳಿಗೆ ಮುಟ್ಟಿಸುವುದು, ಲೆಕ್ಕ ಕಲಿಯುವುದು, ದಿನವೂ ಹೋಗಿ ಕೆಲಸ ನೋಡುವುದು, ಎಲ್ಲಾ ಅವರೇ. ಗಂಡ ಮನೆಯ ಕಿಟಕಿಯಿಂದ ದುರ್ಬೀನಿನಲ್ಲಿ ನೋಡುತ್ತಿದ್ದರು. 1883ರಲ್ಲಿ ಸೇತುವೆ ಮುಗಿದಾಗ ಮೊದಲು ಗಾಡಿಯಲ್ಲಿ ದಾಟಿದ್ದೂ ಎಮಿಲಿಯೇ.

"ಅಂದರೆ ಗಂಡ ಕಿಟಕಿಯಲ್ಲಿ ಕೂತು ನೋಡೋದು, ಕೆಲಸವೆಲ್ಲಾ ಹೆಂಡತಿಗೆ" ಅಂದೆ.

"ಅವರಿಗೆ ಕಾಯಿಲೆ ಇತ್ತು ಕಣೇ."

"ನಿಮಗೇನಿದೆ?"

ಇವರು ಕೂಡಲೇ ಆನೆಗಳ ವಿಷಯಕ್ಕೆ ಹಾರಿದರು. ಸೇತುವೆ ಗಟ್ಟಿಯಿದೆ ಅಂತ ತೋರಿಸಲು 1884ರಲ್ಲಿ ಸರ್ಕಸ್ಸಿನ 21 ಆನೆಗಳನ್ನು ಅದರ ಮೇಲೆ ನಡೆಸಿದ್ದರಂತೆ.

ಕೆಳಗೆ ಬಂದರೆ ಸಲಾಡ್ ಇಲ್ಲ. ತಿಂದು ಮುಗಿಯಿತು ಅಂತ ತೆಗೆದುಕೊಂಡು ಹೋಗಿದ್ದರು. ಅದರ ಜಾಗದಲ್ಲಿ ರವಿಯೋಲಿ, ಅಂದರೆ ಇಟಲಿಯವರ ಪುಟ್ಟ ಕಡುಬು, ಬಂದು, ತಣ್ಣಗಾಗಿ, ಒಂದಕ್ಕೊಂದು ಅಂಟಿಕೊಂಡು ಕೂತಿತ್ತು. ಫೋರ್ಕಿನಲ್ಲಿ ಒಂದನ್ನು ಎತ್ತಿದರೆ ಸಂಸಾರವೇ ಎದ್ದು ಬರುತ್ತಿತ್ತು. ಅದೇ ಸಮಯಕ್ಕೆ ಕಿತ್ತಳೆ ಬಣ್ಣದ ದೊಡ್ಡ ದೋಣಿಯೊಂದು ಸರ್ರನೆ ಹತ್ತಿರದಲ್ಲೇ ಹಾದುಹೋಯಿತು. ಅದರ ಅಲೆ ಬಂದು ತಾಗಿ ನಮ್ಮ ಹಡಗು ಒಮ್ಮೆ ಓಲಾಡಿತು. ಫೋರ್ಕಿನಲ್ಲಿದ್ದ ಸಂಸಾರ ನನ್ನ ಮಡಿಲಿಗೆ ಬಿತ್ತು. ರೇಷ್ಮೆಯ ಮೇಲೆ ಟೊಮೆಟೊ ಸಾಸ್. ಆ ಕಿತ್ತಳೆ ದೋಣಿಯನ್ನು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಇನ್ನು ಉಳಿದದ್ದು ಒಂದೇ, ಸ್ವಾತಂತ್ರ್ಯ ದೇವಿ. ಇವರ ಒಂದು ವಾರದ ಓದೆಲ್ಲಾ ಆಕೆಯ ಮೇಲೇ. 1886ರಲ್ಲಿ ಅನಾವರಣ, ಫ್ರಾನ್ಸಿನ ಉಡುಗೊರೆ, ಒಳಗಿನ ಕಬ್ಬಿಣದ ಹಂದರ ಐಫೆಲ್ ಟವರ್ ಖ್ಯಾತಿಯ ಐಫೆಲ್ ಅವರದು. ಮೈಯೆಲ್ಲಾ ತಾಮ್ರ. ಮೊದಲು ಕಂದು ಬಣ್ಣಕ್ಕಿದ್ದಳು, ತಾಮ್ರದ ಪಾತ್ರೆ ತಿಕ್ಕದೆ ಬಿಟ್ಟರೆ ಹಸಿರಾಗಲ್ವಾ, ಹಾಗೆ ಹಸಿರಾದಳು. ಈ ಸಲ ಬಿಡಬಾರದು ಅಂತ ಇಬ್ಬರೂ ತೀರ್ಮಾನ ಮಾಡಿದೆವು. ಸಿಹಿ ಬಂದರೂ ಮುಟ್ಟುವುದಿಲ್ಲ. ಮೈಕಿನಲ್ಲಿ ಹೇಳಿದ ತಕ್ಷಣ ಎದ್ದೆವು ಕೂಡಾ.

ಎದ್ದವರ ಮುಂದೆ ಗೋಡೆಯ ಹಾಗೆ ಐದು ಜನ ವೇಟರುಗಳು. ಒಬ್ಬಳ ಕೈಯಲ್ಲಿ ಕೇಕು, ಕೇಕಿನ ಮೇಲೆ ಒಂದು ಮೇಣದಬತ್ತಿ. ಮಗಳು ಮೊದಲೇ ಹೇಳಿ ಇಟ್ಟಿದ್ದಳು, ಅಪ್ಪ ಅಮ್ಮನ 25ನೇ ವರ್ಷ, ಸರ್‌ಪ್ರೈಸ್ ಕೊಡಿ ಅಂತ. "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅಂತ ಭುಜ ಹಿಡಿದು ಕೂರಿಸಿದರು. ಹಾಡು ಶುರುವಾಯಿತು. ಅಕ್ಕಪಕ್ಕದ ಮೇಜಿನವರೂ ಸೇರಿಕೊಂಡರು. ಹೊರಗೆ ಆಕೆ ದೀಪ ಎತ್ತಿ ನಿಂತಿದ್ದಳು, ಒಳಗೆ ಇವರೆಲ್ಲಾ ನಮ್ಮ ಸುತ್ತ ನಿಂತು ಕೈ ತಟ್ಟುತ್ತಿದ್ದರು. ನಾನು ನಗುತ್ತಾ, ತಲೆಯಾಡಿಸುತ್ತಾ, ವೇಟರುಗಳ ತೋಳಿನ ಸಂದಿಯಲ್ಲಿ ಇಣುಕಿ ನೋಡುತ್ತಿದ್ದೆ. ಒಮ್ಮೆ ಹಸಿರು ಏನೋ ಕಂಡ ಹಾಗಾಯಿತು. ನೋಡಿದರೆ ಗಾಜಿನಲ್ಲಿ ನನ್ನದೇ ಸೀರೆ.

ಹಾಡಿಗೆ ಎರಡನೇ ಚರಣವೂ ಇತ್ತು. ಇವರು ಮೇಣದಬತ್ತಿ ಊದಿದರು. ಗಡಿಬಿಡಿಯಲ್ಲಿ ಆರಲಿಲ್ಲ. ಮತ್ತೆ ಊದಿದರು. ಕೇಕು ಕತ್ತರಿಸಿ, ನನಗೆ ತಿನ್ನಿಸಿ, ಅದರ ಫೋಟೊ ಸರಿ ಬರಲಿಲ್ಲ ಅಂತ ಮತ್ತೊಮ್ಮೆ ತಿನ್ನಿಸಿ, ಎಲ್ಲರಿಗೂ ಕೈಮುಗಿದು, ಡೆಕ್‌ಗೆ ಓಡುವ ಹೊತ್ತಿಗೆ ಹಡಗು ತಿರುಗಿ ವಾಪಸು ಹೊರಟಿತ್ತು. ದೂರದಲ್ಲಿ ಆಕೆಯ ಬೆನ್ನು, ಓರೆಯಾಗಿ. ಎತ್ತಿದ ಕೈ ನಮಗೆ ಟಾಟಾ ಮಾಡುವ ಹಾಗಿತ್ತು.

ನಮ್ಮವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಫೋನು ತೆಗೆದರು. "ಒಂದು ಲೆಕ್ಕಕ್ಕೆ ಇದೇ ಒಳ್ಳೇದು ಕಣೇ. ಆಕೆ ಬಲಗಾಲಿನ ಹಿಮ್ಮಡಿ ಎತ್ತಿದ್ದಾಳೆ, ಮುಂದಕ್ಕೆ ನಡೀತಿದ್ದಾಳೆ ಅಂತ ಅರ್ಥ. ಅದು ಹಿಂದಿನಿಂದ ನೋಡಿದವರಿಗೇ ಗೊತ್ತಾಗೋದು."

"ನಿಮಗೆ ಹಿಮ್ಮಡಿ ಕಾಣ್ತಿದೆಯಾ?"

"ಇಲ್ಲಿ ಬರೆದಿದೆ" ಅಂದರು, ಫೋನನ್ನು ಒಂದು ಮೊಳ ದೂರ ಹಿಡಿದು.

ಇಳಿಯುವಾಗ ಫೋಟೊಗ್ರಾಫರು ನಮ್ಮ ಫೋಟೊ ಹಿಡಿದು ಕಾದಿದ್ದ. ಅದರಲ್ಲಿ ಇವರ ಕಣ್ಣು ಮುಚ್ಚಿತ್ತು, ನಾನು ನೀರಿನಿಂದ ಈಗಷ್ಟೇ ಎತ್ತಿದವಳ ಹಾಗಿದ್ದೆ. ಬೇಡ ಅಂದೆವು. ರಾತ್ರಿ ಮಗಳು ಹೇಗಿತ್ತು ಅಂತ ಕೇಳಿದಳು. "ಕೇಕು ಬಹಳ ಚೆನ್ನಾಗಿತ್ತಮ್ಮ" ಅಂದೆ. ಸುಳ್ಳಲ್ಲ.

ಮಾರನೇ ದಿನ ಬೆಳಗ್ಗೆ ಆ ಕಿತ್ತಳೆ ದೋಣಿಯ ಬಗ್ಗೆ ಅವಳನ್ನೇ ಕೇಳಿದೆ. ಅದು ಸ್ಟಾಟನ್ ಐಲೆಂಡ್ ಫೆರಿ, ಜನ ಕೆಲಸಕ್ಕೆ ಓಡಾಡುವುದು, ದಾರಿಯಲ್ಲಿ ಸ್ವಾತಂತ್ರ್ಯ ದೇವಿ ಕಾಣುತ್ತಾಳೆ ಅಂದಳು. ಟಿಕೆಟ್ ಎಷ್ಟು ಅಂದರು ಇವರು. 1997ರಿಂದ ಪುಕ್ಕಟೆ ಅಂದಳು. ಇವರು ಕಾಫಿ ಲೋಟ ಕೆಳಗಿಟ್ಟರು.

ಮಧ್ಯಾಹ್ನವೇ ಹೋದೆವು. ಮೇಜಿಲ್ಲ, ಮೆನುವಿಲ್ಲ, ಹಾಡಿಲ್ಲ. 25 ನಿಮಿಷದ ದಾರಿ. ನಾನು ಬಲಗಡೆಯ ಕಂಬಿ ಹಿಡಿದು ನಿಂತೆ. ಸೆರಗಿಗೆ ಈ ಸಲ ಎರಡು ಪಿನ್ನು. ಹತ್ತು ನಿಮಿಷ ಆಗಿತ್ತೋ ಏನೋ, ಆಕೆ ಬಂದಳು. ಮುಖ, ಕಿರೀಟ, ಕೈಯಲ್ಲಿನ ಫಲಕ, ಮಡಿಕೆ ಮಡಿಕೆಯಾದ ಬಟ್ಟೆ, ಬಿಸಿಲಿಗೆ ತಿಳಿಹಸಿರಾಗಿ. ಅಡ್ಡ ಯಾರೂ ಇಲ್ಲ.

"ರೀ, ನೋಡಿ!" ಅಂತ ತಿರುಗಿದೆ. ಪಕ್ಕದಲ್ಲಿ ಇವರಿರಲಿಲ್ಲ. ಒಳಗೆ ತಿಂಡಿಯಂಗಡಿಯ ಮುಂದೆ ಆರನೆಯವರಾಗಿ ಸಾಲಿನಲ್ಲಿ ನಿಂತು, ದೂರದಿಂದಲೇ ನನಗೆ ಎರಡು ಬೆರಳು ತೋರಿಸಿ, ಕಾಫಿ ಎರಡಾ ಅಂತ ಸನ್ನೆ ಮಾಡುತ್ತಿದ್ದರು.